ದೊಡ್ಡಮ್ಮನ ಮನೆ ಇದ್ದ ಪುಟ

ನಿನ್ನೆಯಿಂದ ನನ್ನ ಮೇಜಿನ ಮೇಲೆ ಒಂದು ಪ್ರಾಜೆಕ್ಟ್ ರಿಪೋರ್ಟ್ ಬಿದ್ದಿದೆ. ನೀಲಿ ರಟ್ಟು, ಸ್ಪೈರಲ್ ಬೈಂಡಿಂಗ್, ಮೇಲೆ ನನ್ನದೇ ಹೆಸರು. ತೆರೆದರೆ ಕಾಗದದ ವಾಸನೆಗಿಂತ ಮೊದಲು ಬೀಡಿ ಎಲೆಯ ವಾಸನೆ ಮೂಗಿಗೆ ಬರುತ್ತದೆ. ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯ ಒಗರು, ಅದರ ಹಿಂದೆಯೇ ತಂಬಾಕಿನ ಘಾಟು. ಬೆಳ್ತಂಗಡಿ, ಬಂಟ್ವಾಳದ ಕಡೆ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳ ಶಾಲೆಯ ಫೀಸು ಬಂದದ್ದು ಈ ವಾಸನೆಯೊಳಗಿನಿಂದಲೇ.

ಈ ರಿಪೋರ್ಟಿಗೆ ಆ ವಾಸನೆ ಹತ್ತಿದ್ದು ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಅಂದರೆ ನನಗೆ ಸಂಬಂಧದಲ್ಲಿ ಏನೂ ಅಲ್ಲ. ಲಾಯಿಲದಲ್ಲಿ ನಮ್ಮ ಮನೆಯ ಆಚೆಗಿನ ಮನೆಯವರು, ಅಷ್ಟೆ. ಮಡಿಲಲ್ಲಿ ಮೊರ, ಮೊರದಲ್ಲಿ ತಂಬಾಕು, ಕೈಯಲ್ಲಿ ಕತ್ತರಿ. ತಗಡಿನ ಅಳತೆಪಟ್ಟಿಯನ್ನು ಎಲೆಯ ಮೇಲಿಟ್ಟು ಅವರು ಕತ್ತರಿಸುತ್ತಿದ್ದ ಚಂದ ನೋಡಲು ನಾನು ಶಾಲೆಯಿಂದ ಬಂದವನೇ ಅವರ ಜಗಲಿಯಲ್ಲಿ ಕೂರುತ್ತಿದ್ದೆ. ಸುತ್ತಿದ ಬೀಡಿಯನ್ನು ಒಪ್ಪಿಸುವ ಬ್ರಾಂಚಿನಲ್ಲಿ ಬೇರೆಯವರ ಕಟ್ಟುಗಳಿಂದ ಒಂದಷ್ಟನ್ನು ಸರಿಯಿಲ್ಲವೆಂದು ತೆಗೆದು ಬಿಸಾಡುವುದಿತ್ತು, ದೊಡ್ಡಮ್ಮನ ಕಟ್ಟಿಗೆ ಯಾರೂ ಕೈ ಹಾಕುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಹತ್ತನೆಯ ತರಗತಿ ಮುಗಿಸಿ, ಮದುವೆಯಾಗಿ, ಎರಡೇ ವರ್ಷದಲ್ಲಿ ಗಂಡನ ಮನೆ ಬಿಟ್ಟು ಬಂದು, ಅಮ್ಮನ ಎದುರು ಇನ್ನೊಂದು ಮೊರ ಇಟ್ಟುಕೊಂಡು ಕೂತವಳು. ಯಾಕೆ ಬಂದಳೆಂದು ದೊಡ್ಡಮ್ಮ ಯಾರಿಗೂ ಹೇಳಲಿಲ್ಲ, ಕೇಳಿದವರಿಗೆ ಚಹಾ ಕೊಟ್ಟು ಕಳಿಸಿದರು. ಅವರಿಗಿದ್ದದ್ದು ಒಂದೇ ಚಿಂತೆ. ಅದನ್ನು ಎಷ್ಟು ಸಲ ಕೇಳಿದ್ದೇನೋ... "ನಾನು ಸತ್ತ ಮೇಲೆ ಇವಳ ಹತ್ರ ಈ ಮನೆಯಿಂದ ಏಳು ಅಂತ ಯಾರೂ ಹೇಳ್ಬಾರ್ದು. ಅಷ್ಟು ಆದ್ರೆ ಸಾಕು." ಅವರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ದನಿ ಮಾತ್ರ ಬರೆಯಲಿಕ್ಕೆ ಬರುವುದಿಲ್ಲ.

ನಾನು ಮೂಡುಬಿದಿರೆಯ ಕಾಲೇಜಿಗೆ ಸೇರಿದಾಗ ಊರಿನವರು ಚೆನ್ನಾಗಿಯೇ ನಕ್ಕರು. ಫೈನಾನ್ಸ್, ವಿಮೆ, ರಿಯಲ್ ಎಸ್ಟೇಟ್ ಈ ಮೂರನ್ನೂ ಒಟ್ಟಿಗೆ ಕಲಿಸುವ ವಿಶ್ವವಿದ್ಯಾನಿಲಯದ ಕೋರ್ಸು ಅದು. "ಜಾಗದ ಬ್ರೋಕರ್ ಆಗ್ಲಿಕ್ಕೂ ಡಿಗ್ರಿ ಬೇಕಾ ಮಾರಾಯ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿದ್ದಾರೆ. ದೊಡ್ಡಮ್ಮ ಒಬ್ಬರು ಮಾತ್ರ ನಗಲಿಲ್ಲ. "ಓದು ನೀನು. ಕಾಗದ ಓದುವವ ಒಬ್ಬ ನಮ್ಮ ಬದಿಯಲ್ಲಿ ಬೇಕು" ಎಂದರು. ನಮ್ಮ ಬದಿ... ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆ ಎಂದರೆ, ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ದಿನಾ ನಿಂತೇ ಹೋದರೂ ಕಾಲು ನೋಯುತ್ತಿರಲಿಲ್ಲ.

ಕೊನೆಯ ವರ್ಷ ಪ್ರಾಜೆಕ್ಟ್ ಬಂತು. ಯಾವುದಾದರೂ ಒಂದು ಆಸ್ತಿಯನ್ನು ಹಿಡಿದು, ಅದರ ಹಕ್ಕು ಯಾರಿಂದ ಯಾರಿಗೆ ಬಂತೆಂದು ಬುಡದವರೆಗೆ ಹುಡುಕಬೇಕು. ಮೂಲ ಕಾಗದಗಳನ್ನು ವೈವಾದಲ್ಲಿ ತೋರಿಸಬೇಕು. ಹೆಚ್ಚಿನವರು ಸೀನಿಯರುಗಳ ರಿಪೋರ್ಟನ್ನೇ ಹೆಸರು ಬದಲಿಸಿ ಬರೆದರು. ನಾನು ಬುದ್ಧಿವಂತನಲ್ಲವೇ, ದೊಡ್ಡಮ್ಮನ ಮನೆಯನ್ನು ಆರಿಸಿಕೊಂಡೆ. ಅವರು ಸೀರೆಗಳ ಅಡಿಯಿಂದ ತಗಡಿನ ಪೆಟ್ಟಿಗೆ ತೆಗೆದು, ಒಳಗೇನಿದೆಯೆಂದು ನೋಡದೆಯೇ ನನ್ನ ಕೈಗಿಟ್ಟರು. ಇಂಗ್ಲಿಷ್ ಅಷ್ಟಕ್ಕಷ್ಟೇ ಆದ್ದರಿಂದ ಕನ್ನಡದಲ್ಲಿ ಬರೆಯಲು ನಾನು ಅನುಮತಿ ಪಡೆದಿದ್ದೆ.

ಪೆಟ್ಟಿಗೆಯಲ್ಲಿ ಮನೆತೆರಿಗೆಯ ರಸೀದಿಗಳಿದ್ದವು, ಕರೆಂಟು ಬಿಲ್ಲುಗಳಿದ್ದವು. ಒಂದು ಹಳೆಯ ಗದ್ದೆಯ ಕಾಗದವಿತ್ತು, ಅದನ್ನು ಮಾರಿದ ಪತ್ರವೂ ಇತ್ತು. ಗಂಡನ ಕಾಯಿಲೆಯ ಕಾಲದಲ್ಲಿ ದೊಡ್ಡಮ್ಮ ಗದ್ದೆ ಮಾರಿ ಮನೆಯನ್ನು ಉಳಿಸಿಕೊಂಡಿದ್ದರು. ಹಾಗೆಂದು ಅವರು ತಿಳಿದಿದ್ದರು. ನನಗೂ ಎಲ್ಲ ಸರಿಯಾಗಿಯೇ ಕಂಡಿತು, ಅಡಿಯಲ್ಲಿದ್ದ ಜಾಗದ ನಕ್ಷೆಯೊಂದು ಮಾತ್ರ ಉಳಿದ ಕಾಗದಗಳಿಗೆ ತಾಳೆಯಾಗಲಿಲ್ಲ. ಅದನ್ನು ಓದಿಸಲು ಬಂಟ್ವಾಳದಲ್ಲಿದ್ದ ಒಬ್ಬ ನಿವೃತ್ತ ಸರ್ವೇಯರರ ಮನೆ ಹುಡುಕಿಕೊಂಡು ಹೋದೆ.

ಅವರು ನಕ್ಷೆಯ ಮೇಲೆ ಭೂತಗನ್ನಡಿ ಇಟ್ಟು ಒಂದೊಂದೇ ಗೆರೆಯನ್ನು ನೋಡಿದರು. ಆಮೇಲೆ, "ಮನೆ ಕುಮ್ಕಿಯಲ್ಲಿ ಉಂಟಲ್ಲ ಮಾರಾಯ" ಎಂದರು.

ಕುಮ್ಕಿ ನಮ್ಮ ಜಿಲ್ಲೆಯ ಮಾತು. ಗದ್ದೆಗೋ ತೋಟಕ್ಕೋ ತಾಗಿಕೊಂಡಿರುವ ಸರಕಾರಿ ಜಾಗ ಅದು. ಪಕ್ಕದ ಜಮೀನಿನವರು ಅಲ್ಲಿಂದ ಸೊಪ್ಪು, ಸೌದೆ ತರಬಹುದು, ಅನುಭವಿಸಬಹುದು, ಆದರೆ ಒಡೆತನವಿಲ್ಲ. ನಮ್ಮವರು ಅದನ್ನು 'ನಮ್ಮ ಕುಮ್ಕಿ' ಎಂದೇ ಕರೆದು ಮೂರು ತಲೆಮಾರು ಕಳೆದಿದ್ದಾರೆ. ಗದ್ದೆಯಲ್ಲಿ ನೀರು ನಿಲ್ಲುತ್ತದೆಂದು ದೊಡ್ಡಮ್ಮನ ಗಂಡ ಮೇಲಿನ ಒಣ ಜಾಗದಲ್ಲಿ, ಎಲ್ಲರ ಹಾಗೆ, ಮನೆ ಕಟ್ಟಿದ್ದರು. ಯಾವಾಗ ಗದ್ದೆ ಮಾರಿದರೋ ಆಗ ಆ ಅನುಭವದ ಹಕ್ಕೂ ಗದ್ದೆಯ ಹಿಂದೆಯೇ ಹೋಗಿತ್ತು. ಮನೆಯನ್ನು ಉಳಿಸಲು ಮಾರಿದ್ದರಿಂದಲೇ ಮನೆ ಹೋಗಿತ್ತು. ಕರೆಂಟು ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು.

ಸರ್ವೇಯರರು ದಾರಿಯನ್ನೂ ಹೇಳಿದರು. ಹೀಗೆ ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಹಕ್ಕುಪತ್ರಕ್ಕೆ ಅರ್ಜಿ ಕೊಡಲು ಆಗ ಅವಕಾಶವಿತ್ತು. "ತಿಂಗಳ ಕೊನೆ ತನಕ ಸಮಯ ಉಂಟು. ಇವತ್ತೇ ಹೋಗಿ ಹೇಳು ಅವರಿಗೆ. ಈ ರಸೀದಿ, ಬಿಲ್ಲು ಎಲ್ಲ ಅರ್ಜಿಗೆ ಬೇಕಾಗ್ತದೆ."

ಮಡಂತ್ಯಾರಿನ ದಾರಿಯಲ್ಲಿ ಬಸ್ಸು ಬರುವಾಗ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಆ ಒಂದು ತಾಸಿನಲ್ಲಿ ನಾನು ಲೆಕ್ಕ ಹಾಕಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೇಳಿದರೆ ಮೂಲ ಕಾಗದಗಳೆಲ್ಲ ಅರ್ಜಿಯ ಜತೆ ಕಚೇರಿಗೆ ಹೋಗುತ್ತವೆ. ವೈವಾಕ್ಕೆ ಇನ್ನೂ ಐದು ವಾರ. ಒಳ್ಳೆಯ ಪ್ರಾಜೆಕ್ಟ್ ಮಾಡಿದವನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮನೆಸಾಲದ ಕಂಪನಿಯೊಂದು ಆ ದಿನವೇ ಕಾಲೇಜಿಗೆ ಬರುವುದಿತ್ತು. ಇಂಥ ಅರ್ಜಿಗಳ ಕೊನೆಯ ದಿನ ಯಾವಾಗಲೂ ಮುಂದೆ ಹೋಗುತ್ತದೆಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದೂ ನಿಜವೇ, ಅದಕ್ಕೆ ಮೊದಲು ಎರಡು ಸಲ ಹೋಗಿತ್ತು...

ಅಂಗಳದ ತುದಿಯಲ್ಲಿ ದೊಡ್ಡಮ್ಮ ನಿಂತಿದ್ದರು. "ಎಂತ ಆಯ್ತು? ಎಲ್ಲ ಸರಿ ಉಂಟಲ್ಲ?"

"ಎಲ್ಲ ಸರಿ ಉಂಟು ದೊಡ್ಡಮ್ಮ" ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅದೇ ವಾರ ವಿಮೆ ಕಲಿಸುತ್ತಿದ್ದ ಮೇಡಂ ತರಗತಿಯಲ್ಲಿ ಹೇಳಿದ್ದರು: ವಿಮೆಯ ಬುಡ ಇರುವುದೇ ನಂಬಿಕೆಯಲ್ಲಿ, ಎದುರಿನವರು ಕೇಳದಿದ್ದರೂ ಗೊತ್ತಿದ್ದದ್ದನ್ನು ಹೇಳಬೇಕು, ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಮೋಸವೇ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನಾನು ಎರಡು ಪುಟ ಬರೆದೆ, ಪೂರ್ತಿ ಅಂಕವನ್ನೂ ತೆಗೆದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಪಾಲಿಗೆ ಆ ಮುಕ್ಕಾಲು ಬರಲೇ ಇಲ್ಲ.

ಕೊನೆಯ ದಿನ ಆ ಸಲ ಮುಂದೆ ಹೋಗಲಿಲ್ಲ.

ವೈವಾ ಚೆನ್ನಾಗಿ ಆಯಿತು. ಕುಮ್ಕಿಯ ವಿಷಯ ನಲವತ್ತೊಂದನೆಯ ಪುಟದಲ್ಲಿತ್ತು, ಪರೀಕ್ಷಕರು ಅದನ್ನೇ ಹೊಗಳಿದರು. ಕೆಲಸವೂ ಸಿಕ್ಕಿತು. ಸಿಹಿತಿಂಡಿಯ ಪೊಟ್ಟಣ ಹಿಡಿದು ದೊಡ್ಡಮ್ಮನ ಜಗಲಿಗೆ ಹೋಗಿ, ಈಗಷ್ಟೇ ಗೊತ್ತಾಯಿತೆಂಬಂತೆ ವಿಷಯ ಹೇಳಿದೆ. ಅವರ ಕೈಯಲ್ಲಿ ಅರ್ಧ ಸುತ್ತಿದ ಬೀಡಿಯಿತ್ತು. ಅದನ್ನು ಪೂರ್ತಿ ಸುತ್ತಿ, ನೂಲು ಕಟ್ಟಿ, ಉಗುರಿನಿಂದ ಬಾಯಿ ಮುಚ್ಚಿ ಮೊರದಲ್ಲಿಟ್ಟರು. "ನಾಳೆ ಕಚೇರಿಗೆ ಹೋಗುವ" ಎಂದರು. ಹೋದೆವು. ಅರ್ಜಿ ತೆಗೆದುಕೊಳ್ಳುವುದು ನಿಂತು ಹದಿನೈದು ದಿನವಾಗಿತ್ತು. ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತು ಅವರು ನನ್ನ ಬೆನ್ನು ಸವರಿದರು. "ನೀನು ಓದದಿದ್ರೆ ಇದು ನಮಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು. ಅಲ್ಲಿಯೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲೂ ನಾನು ಬಾಯಿ ಬಿಡಲಿಲ್ಲ.

ತನ್ನ ಮನೆಯ ಬಗ್ಗೆ ಪುಸ್ತಕ ಆಗಿದೆಯೆಂದು ದೊಡ್ಡಮ್ಮ ಒಂದು ಪ್ರತಿ ಕೇಳಿದ್ದರು. ಕೊಟ್ಟೆ. ಅವರಿಗೆ ಓದಲು ಬರುವುದಿಲ್ಲ, ಅಕ್ಕ ಇಂಥದ್ದನ್ನು ತೆರೆಯುವವಳಲ್ಲ ಎಂಬ ಧೈರ್ಯ ನನಗೆ. ಹುಡುಕಾಟಕ್ಕೆ ಹೋದ ಪ್ರತಿದಿನದ ತಾರೀಕು ಹಾಕಬೇಕೆಂದು ಮೇಡಂ ಹೇಳಿದ್ದರಿಂದ, ನಲವತ್ತೊಂದನೆಯ ಪುಟದ ನೆತ್ತಿಯ ಮೇಲೆ ಬಂಟ್ವಾಳಕ್ಕೆ ಹೋದ ತಾರೀಕನ್ನು, ಅರ್ಜಿಯ ಕೊನೆಯ ದಿನಕ್ಕೆ ಮೊದಲಿನ ಆ ತಾರೀಕನ್ನು, ನಾನೇ ಬರೆದಿದ್ದೆ. ಅದು ನನಗೆ ನೆನಪೇ ಇರಲಿಲ್ಲ.

ಮರುವರ್ಷ ರಸ್ತೆ ಅಗಲ ಮಾಡಲು ಅಳತೆಯವರು ಬಂದರು. ಜಾಗದ ಕಾಗದ ಇದ್ದವರಿಗೆ ಜಾಗಕ್ಕೂ ಪರಿಹಾರವಿತ್ತು. ಇಲ್ಲದವರಿಗೆ ಗೋಡೆಗೂ ಹಂಚಿಗೂ ಏನೋ ಒಂದಿಷ್ಟು. ಸೀಲು ಬಿದ್ದ ಪುಸ್ತಕವಾದರೂ ಕೈ ಹಿಡಿದೀತೆಂದು ದೊಡ್ಡಮ್ಮ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನನ್ನ ರಿಪೋರ್ಟನ್ನು ತಂದು ಅಧಿಕಾರಿಯ ಮುಂದೆ ಹಿಡಿದರು. "ನಮ್ಮ ಹುಡುಗ ಬರೆದದ್ದು ಸಾರ್, ಯೂನಿವರ್ಸಿಟಿಯ ಸೀಲ್ ಉಂಟು. ಇದ್ರಲ್ಲಿ ನನ್ನ ಮನೆ ಉಂಟು." ನಾನು ಅಲ್ಲೇ ಬೇಲಿಯ ಬಳಿ ನಿಂತಿದ್ದೆ. ಅಧಿಕಾರಿ ಪುಟ ತಿರುವುತ್ತಾ ಹೋಗಿ ಒಂದು ಪುಟದಲ್ಲಿ ನಿಂತರು. ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಹೇಳಿದರು: "ಅಮ್ಮಾ, ಮನೆ ಕುಮ್ಕಿಯಲ್ಲಿ ಉಂಟು ಅಂತ ಇದ್ರಲ್ಲೇ ಬರೆದಿದ್ದಾರೆ. ಇದನ್ನು ಯಾರಿಗೂ ತೋರಿಸ್ಬೇಡಿ."

"ಹೌದಾ" ಎಂದರು ದೊಡ್ಡಮ್ಮ. ರಿಪೋರ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು. ನನ್ನ ಕಡೆ ನೋಡಲಿಲ್ಲ.

ಮನೆ ಹೋಯಿತು. ತಾಯಿ ಮಗಳು ಮಡಂತ್ಯಾರಿನಲ್ಲಿ ಸಾಲುಮನೆಯ ಒಂದು ಕೋಣೆಗೆ ಬಾಡಿಗೆಗೆ ಹೋದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ದೊಡ್ಡಮ್ಮ ಮೊದಲಿನ ಹಾಗೆಯೇ ಚಹಾ ಕೊಡುತ್ತಿದ್ದರು, ನನ್ನ ಅಮ್ಮನ ಮಂಡಿನೋವು ಹೇಗುಂಟೆಂದು ಕೇಳುತ್ತಿದ್ದರು. ಒಂದು ವ್ಯತ್ಯಾಸವಿತ್ತು. ಮೊದಲು ಕಚೇರಿಯ ಯಾವ ಕಾಗದ ಬಂದರೂ ನನಗಾಗಿ ಎತ್ತಿಡುತ್ತಿದ್ದವರು ಈಗ ಪೋಸ್ಟ್‌ಮ್ಯಾನ್ ಹತ್ತಿರವೇ ಓದಿಸಿಬಿಡುತ್ತಿದ್ದರು. ನನಗೇಕೆ ತೊಂದರೆ ಎಂದು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ. ಎರಡು ವರ್ಷ ಹೀಗೆ ಕಳೆಯಿತು, ಆಮೇಲೆ ಒಂದು ದಿನ ಅವರು ತೀರಿಹೋದರು. ಹೆಣ ಹೊರಡಿಸಲು ಅಂಗಳವಿಲ್ಲದ ಮನೆ. ರಸ್ತೆಯಲ್ಲೇ ಇಟ್ಟು ನೀರು ಬಿಟ್ಟೆವು.

ನಿನ್ನೆ ಮೂಡುಬಿದಿರೆಯ ನನ್ನ ಆಫೀಸಿಗೆ ಅಕ್ಕ ಬಂದಳು. ಸಾಲ ಕೇಳುವವರ ಜಾಗದ ಕಾಗದ ಓದಿ ಸರಿಯೋ ತಪ್ಪೋ ಹೇಳುವುದು ಇಲ್ಲಿ ನನ್ನ ಕೆಲಸ. ಜನ ನನ್ನ ಮಾತನ್ನು ನಂಬುತ್ತಾರೆ. ಅಕ್ಕ ರಿಪೋರ್ಟನ್ನು ಮೇಜಿನ ಮೇಲಿಟ್ಟು, "ಕೋಣೆ ಬದಲಿಸ್ತಾ ಇದ್ದೇನೆ. ಇದು ನಿನ್ನದಲ್ವಾ, ಇಟ್ಕೋ" ಎಂದಳು. ನಾನು ತೆರೆದೆ. ನಲವತ್ತೊಂದನೆಯ ಪುಟದಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿದ ಒಂದು ಬೀಡಿ ಎಲೆ ಗುರುತಿಗೆ ಇಟ್ಟಂತಿತ್ತು.

"ಅಳತೆಯವರು ಬಂದು ಹೋದ ದಿನ ಅಮ್ಮ ಈ ಪುಟವನ್ನು ನನ್ನಿಂದ ಓದಿಸಿದ್ರು" ಎಂದಳು ಅಕ್ಕ. "ತಾರೀಕನ್ನು ಎರಡು ಸಲ."

ಎರಡು ವರ್ಷ ನಾನು ಕುಡಿದ ಒಂದೊಂದು ಚಹಾವನ್ನೂ ಅವರು ಗೊತ್ತಿದ್ದೇ ಕೊಟ್ಟಿದ್ದರು. ಒಂದು ಸಲ ಬೈದಿದ್ದರೂ ಸಾಕಿತ್ತು. ಬಾಗಿಲು ಹಾಕಿದ್ದರೂ ಸಾಕಿತ್ತು. ಈಗ ತಪ್ಪಾಯಿತು ಎಂದು ಯಾರ ಹತ್ತಿರ ಹೇಳಲಿ? ಅವರು ಇಲ್ಲ, ಆ ಮನೆ ಇದ್ದ ಜಾಗದಲ್ಲಿ ಲಾರಿಗಳು ಓಡುತ್ತವೆ.

ಅಕ್ಕನ ಚೀಲದಲ್ಲಿ ಮಡಚಿದ ಇನ್ನೊಂದು ಕಾಗದ ಕಂಡಿತು. ಹೊಸ ಕೋಣೆಯ ಬಾಡಿಗೆ ಕರಾರು ಇರಬೇಕು, ಛಾಪಾ ಕಾಗದದ ಅಂಚು ಹೊರಗಿತ್ತು. ನಾನು ಕೈ ಚಾಚಿ, "ಕೊಡು ಅಕ್ಕ, ಓದಿ ಹೇಳ್ತೇನೆ" ಎಂದೆ.

"ಬೇಡ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬೇರೆಯವರ ಹತ್ರ ಓದಿಸಿ ಆಯ್ತು."

ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ನನ್ನ ಕೈ ಚಾಚಿದ ಹಾಗೆಯೇ ಮೇಜಿನ ಮೇಲಿತ್ತು.