ಸಕ್ಕರೆ ಹಾಕದ ಉಂಡೆ

"ಈ ವರ್ಷ ಬಾಣಲೆ ಇಡೂದಿಲ್ಲ. ಖರ್ಜೂರದ ಉಂಡೆ ಮಾಡೂದು. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ನೀ ಬರ್ಬೇಕು."

ದೀಪಾವಳಿ ಹತ್ತಿರ ಬಂದಾಗ ಅಂಕೋಲೆಯಿಂದ ತಾರಕ್ಕ ಫೋನ್ ಮಾಡಿ ಇಷ್ಟು ಹೇಳಿದರು. ತಾರಕ್ಕ ನನ್ನ ಗಂಡನ ಅಕ್ಕ. ಹೇಳಿದ್ದು ಆಜ್ಞೆಯೋ ಆಮಂತ್ರಣವೋ ತಿಳಿಯುವ ಮೊದಲೇ ಫೋನ್ ಇಟ್ಟಾಗಿತ್ತು. ಅವರು ಯಾವಾಗಲೂ ಹಾಗೆಯೇ.

ಬಾಣಲೆ ಇಡದಿರುವುದಕ್ಕೆ ಕಾರಣ ನನ್ನ ಗಂಡ. ಹೋಳಿ ಕಳೆದ ಮೇಲೆ ಅವರು ತೀರಿಕೊಂಡರು. (ನಡುವೆ ಕೆಲವು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಇದೇ ಕಾರಣ.) ನಮ್ಮ ಕಡೆ ಸಾವಾದ ಕುಟುಂಬಕ್ಕೆ ಆ ವರ್ಷ ಹಬ್ಬವಿಲ್ಲ. ಒಲೆಯ ಮೇಲೆ ಎಣ್ಣೆಯ ಬಾಣಲೆ ಏರಬಾರದು. ಚಕ್ಕುಲಿ ಒತ್ತುವ ಮಣೆ ಅಟ್ಟದಿಂದ ಇಳಿಯಬಾರದು. ಕರಿದ ವಾಸನೆ ಬೇಲಿ ದಾಟಿದರೆ ಕೇರಿ ಕೇಳುತ್ತದೆ: ಇವರಿಗೆ ದುಃಖವೇ ಇಲ್ಲವಾ?

ಖರ್ಜೂರದ ಉಂಡೆಗೆ ಆ ತೊಂದರೆ ಇಲ್ಲ. ಬೀಜ ತೆಗೆದು, ಚೂರು ತುಪ್ಪದಲ್ಲಿ ಮೆತ್ತಗಾಗಿಸಿ, ಗೇರುಬೀಜ, ಬಾದಾಮಿ ಚೂರು ಸೇರಿಸಿ, ಸಣ್ಣಸಣ್ಣ ಉಂಡೆ ಕಟ್ಟಿ ಗಸಗಸೆಯಲ್ಲಿ ಹೊರಳಿಸಿದರೆ ಮುಗಿಯಿತು. ವಾಸನೆ ಅಡುಗೆಮನೆಯ ಬಾಗಿಲನ್ನೂ ದಾಟುವುದಿಲ್ಲ. ಹಾಗಾಗಿ ಅದು ಹಬ್ಬದ ತಿಂಡಿ ಅಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಬೇಕಾಗಿಲ್ಲ. ಹಾಗಾಗಿ ಅದು ಸಿಹಿಯೂ ಅಲ್ಲ.

ಎಂಥ ಅನುಕೂಲದ ಉಂಡೆ, ನೋಡಿ. ಸತ್ತವರಿಗೂ ಅವಮಾನವಿಲ್ಲ, ಇದ್ದವರ ಬಾಯಿಗೂ ಮೋಸವಿಲ್ಲ.

ನನ್ನ ಗಂಡ ಸತ್ತದ್ದು ಸಕ್ಕರೆ ಕಾಯಿಲೆಯಿಂದ.

ಅವರು ಕಾರವಾರದಲ್ಲಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದರು. ಊರಿನ ಯಾವ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು. ಬಿಲ್ ನೋಡಿದ ಕೂಡಲೇ ಜನ ಹೇಳುವ ಮಾತು ಒಂದೇ: ನಿಮ್ಮ ಮೀಟರ್ ಹಾಳಾಗಿದೆ, ಇಷ್ಟು ಬರಲು ಸಾಧ್ಯವೇ ಇಲ್ಲ. ಇವರು ಜಗಳ ಮಾಡುವವರಲ್ಲ. "ಮೀಟರ್ ಸುಳ್ಳು ಹೇಳೂದಿಲ್ಲ ಮಾರಾಯಾ, ಫ್ಯಾನ್ ಆಫ್ ಮಾಡೂಕೆ ಕಲೀರಿ" ಎಂದು ನಕ್ಕು, ಅದೇ ಮನೆಯಲ್ಲಿ ಚಹಾ ಕುಡಿದು ಬರುತ್ತಿದ್ದರು.

ಚಹಾ ಮಾತ್ರವೇ? ಚೌತಿಯಲ್ಲಿ ಮೋದಕ. ದೀಪಾವಳಿಯಲ್ಲಿ ಲಾಡು. ಕ್ರಿಸ್‌ಮಸ್ ಬಂದರೆ ಕೇಕ್, ಕರ್ಜಿಕಾಯಿಯಂಥ ನೇವ್ರಿ. ಈದ್‌ಗೆ ಖರ್ಜೂರ. ಎಲ್ಲ ಧರ್ಮದವರೂ ಸೇರಿ ಪ್ರೀತಿಯಿಂದ ಕೊಟ್ಟರು. ಎಲ್ಲರೂ ಒಂದೊಂದೇ ಕೊಟ್ಟರು. ಬೇಡ ಎನ್ನಬಾರದೇ ಎಂದು ನಾನು ಕೇಳಿದರೆ, ಅವರ ಮನಸ್ಸು ಮುರಿಯುವುದು ಹೇಗೆ ಎನ್ನುತ್ತಿದ್ದರು.

ಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ಮಷಿನ್ ಒಂದಿತ್ತು. ಅಂಕಿ ಏರಿದ ದಿನ ಇವರು ಅದನ್ನು ಅಲ್ಲಾಡಿಸಿ ನೋಡುತ್ತಿದ್ದರು. ಬ್ಯಾಟರಿ ತೆಗೆದು ಹಾಕುತ್ತಿದ್ದರು. ಕೊನೆಗೆ ಮಷಿನ್ ಹಾಳಾಗಿದೆ ಎಂದು ಕಪಾಟಿಗೆ ಸೇರಿಸಿದರು. ಊರಿನ ಮೀಟರೆಲ್ಲ ಸತ್ಯ ಹೇಳುತ್ತದೆ, ನಿಮ್ಮದು ಮಾತ್ರ ಸುಳ್ಳಾ? ನಾನು ಕೇಳಿದೆ. ನಕ್ಕರು. ಆ ನಗುವಿನ ಎದುರು ಯಾರು ಜಗಳ ಮಾಡಿಯಾರು?

ಒಂದು ಭಾನುವಾರ ದೇವಬಾಗದ ಕಡೆ ಕಲ್ವ ಎನ್ನುವ ಚಿಪ್ಪುಮೀನು ತೆಗೆಯಲು ಹೋಗಿದ್ದರು. ಬಂಡೆಗೆ ಅಂಟಿದ ಚಿಪ್ಪು ಅಂಗಾಲು ಸೀಳಿತ್ತು. ಇವರಿಗೆ ಗೊತ್ತೇ ಆಗಿರಲಿಲ್ಲ. ಮನೆಯ ನೆಲದ ಮೇಲೆ ಕೆಂಪು ಹೆಜ್ಜೆ ಮೂಡಿದ್ದನ್ನು ನಾನು ತೋರಿಸಿದಾಗ, ಯಾರದ್ದೇ ಇದು ಎಂದು ಕೇಳಿದರು. ಅವರದೇ ಕಾಲು. ಅವರಿಗೇ ನೋವಿಲ್ಲ. ಆ ಗಾಯ ಮಾಯಲಿಲ್ಲ. ಮುಂದಿನದು ಬರೆಯುವುದಿಲ್ಲ. ಇಂಥದ್ದೇ ಗಾಯ ನಿಮ್ಮ ಮನೆಗಳಲ್ಲೂ ಇರುತ್ತದೆ, ನಿಮಗೆ ಗೊತ್ತು.

ಇಷ್ಟು ವರ್ಷ ನನಗೆ ಅಂಕೋಲೆಯ ಮನೆಯಲ್ಲಿ ಇದ್ದ ಹೆಸರು ಪೊಲೀಸ್. ತಟ್ಟೆ ಹಿಡಿದ ತಾರಕ್ಕ ನಾನು ಬರುವುದನ್ನು ಕಂಡರೆ ತಮ್ಮನಿಗೆ, "ಬೇಗ ಬಾಯಿಗೆ ಹಾಕು ನಾಗೂ, ಪೊಲೀಸ್ ಬಂತು" ಎನ್ನುತ್ತಿದ್ದರು. ಇಡೀ ಮನೆ ನಗುತ್ತಿತ್ತು. ನಾನೂ ನಗಬೇಕಿತ್ತು. ನಗದಿದ್ದರೆ ಸಿಡುಕಿ. ನಕ್ಕರೆ ತಟ್ಟೆ ಇನ್ನೊಂದು ಸುತ್ತು ಬರುತ್ತಿತ್ತು.

ಮೊದಲಾದರೆ ಲಾಡು ಅಂದರೆ ಅಂಗೈ ತುಂಬುವ ಲಾಡು. ತಿನ್ನುವವರು ಅರ್ಧಕ್ಕೇ ಸಾಕು ಎಂದು ಕೆಳಗಿಡುತ್ತಿದ್ದರು. ಈಗ ಎಲ್ಲವೂ ಸಣ್ಣದು. ಮೊಬೈಲ್‌ನಲ್ಲಿ ನೋಡಿ ಕಲಿತ ಒಂದು ತುತ್ತಿನ ಉಂಡೆ, ಹೆಲ್ದಿ ಉಂಡೆ. ಇದರಿಂದ ತಿನ್ನುವವನಿಗೆ ಏನು ಲಾಭವೋ ನಾ ಕಾಣೆ. ಕೊಡುವವರ ಕೈಗೆ ಮಾತ್ರ ಧೈರ್ಯ ಬಂದಿದೆ. ಇಷ್ಟು ಪುಟಾಣಿಯನ್ನು ಬೇಡ ಎನ್ನುವವನು ಮನುಷ್ಯನೇ?

ಇನ್ನೊಂದು ವಿಷಯ ಗಮನಿಸಿದ್ದೀರಾ? ನಮ್ಮ ಕರಾವಳಿಯಲ್ಲಿ ಯಾರಾದರೂ, ಇವತ್ತು ಸೋಮವಾರ, ನಾನು ಮೀನು ಮುಟ್ಟುವುದಿಲ್ಲ ಎಂದರೆ ಸಾಕು. ಬಡಿಸುವ ಕೈ ಅಲ್ಲೇ ನಿಲ್ಲುತ್ತದೆ. ಬೇರೆ ಸೌಟು ಬರುತ್ತದೆ, ಬೇರೆ ಸಾರು ಬರುತ್ತದೆ. ಒಂದು ತುಂಡು ತಿಂದರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದೇ ಮನುಷ್ಯ ಡಾಕ್ಟರ್ ಬೇಡ ಎಂದಿದ್ದಾರೆ ಎನ್ನಲಿ. ಎಲ್ಲರೂ ಮೈಮೇಲೆ ಬೀಳುತ್ತಾರೆ. ದೇವರಿಗೆ ಕೊಟ್ಟ ಮಾತಿಗೆ ಇರುವ ಬೆಲೆ, ಒಬ್ಬ ಮನುಷ್ಯನ ಕಾಲಿಗೆ ಯಾಕಿಲ್ಲ?

ಇರಲಿ. ದೀಪಾವಳಿಯ ಬೆಳಿಗ್ಗೆ ಬಸ್ಸು ಹತ್ತಿ ಹೋದೆ.

ಬೇಲೆಕೇರಿ ದಾರಿಯಲ್ಲಿರುವ ಆ ಮನೆಯಲ್ಲಿ ಈಗ ಮೈದುನ ಗಣಪತಿ, ಅವನ ಹೆಂಡತಿ ಸುಮಿತ್ರಾ, ಜೊತೆಗೆ ತಾರಕ್ಕ. ತನ್ನ ಗಂಡ ಹೋದ ಮೇಲೆ, ಎಷ್ಟೋ ವರ್ಷದ ಹಿಂದೆಯೇ, ತಾರಕ್ಕ ಈ ತಮ್ಮನ ಮನೆಗೆ ಬಂದಿದ್ದರು. ಗಣಪತಿಗೆ ಪಂಚಾಯತಿಯಲ್ಲಿ ನೀರು ಬಿಡುವ ಕೆಲಸ. ಅಣ್ಣನದೇ ಮುಖ, ಅಣ್ಣನದೇ ನಗು. ಶ್ರಾವಣದಲ್ಲಿ ಜ್ವರ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ, ಅಣ್ಣನದೇ ಕಾಯಿಲೆಯೂ ಸಿಕ್ಕಿತು. ಸುಮಿತ್ರಾ ಫೋನಿನಲ್ಲಿ ಅತ್ತಿದ್ದಳು. ನಮ್ಮ ಮನೆಯ ಕಪಾಟಿನಲ್ಲಿದ್ದ ಮಷಿನ್ ಅವರಿಗೆ ಕಳಿಸಿದ್ದೆ. ಹೊಸ ಬ್ಯಾಟರಿ ಹಾಕಿ, ಅಂಗಡಿಯಲ್ಲಿ ಪರೀಕ್ಷಿಸಿಯೇ ಕಳಿಸಿದ್ದೆ. ಸರಿಯಾಗೇ ಇತ್ತು.

ನಾನು ಹೋದಾಗ ತಾರಕ್ಕ ನೆಲದ ಮೇಲೆ ಕಾಲು ಚಾಚಿ ಕುಳಿತು ಖರ್ಜೂರದ ಬೀಜ ತೆಗೆಯುತ್ತಿದ್ದರು. ಗೇರುಬೀಜ ಹಿಲ್ಲೂರಿನ ನೆಂಟರು ಕೊಟ್ಟದ್ದಂತೆ. ಅಂಗೈಗೆ ತುಪ್ಪ ಸವರಿಕೊಂಡು, ಒಂದೇ ಅಳತೆಗೆ, ಗೋಲಿಗಿಂತ ಚೂರು ದೊಡ್ಡದಾಗಿ ಉಂಡೆ ಕಟ್ಟುತ್ತ ಹಳೆಯದನ್ನೆಲ್ಲ ಹೇಳಿದರು. ಅವರ ಅಪ್ಪ ಉಪ್ಪಿನ ಆಗರದಲ್ಲಿ ಕೂಲಿ. ಅವ್ವ ಗದ್ದೆ ನೆಟ್ಟಿಗೆ ಹೋಗುತ್ತಿದ್ದಳು. ಮನೆಯಲ್ಲಿ ಉಪ್ಪಿಗೆ ಬರವಿರಲಿಲ್ಲ, ಸಿಹಿ ಮಾತ್ರ ಬೇರೆಯವರ ಮನೆಯಿಂದಲೇ ಬರಬೇಕು. ಗದ್ದೆಯ ಒಡೆಯರ ಮನೆಯಲ್ಲಿ ಹಬ್ಬಕ್ಕೆ ಕೊಟ್ಟ ಒಂದೇ ಲಾಡನ್ನು ತಾರಕ್ಕ ಸೆರಗಿನಲ್ಲಿ ಕಟ್ಟಿ ತರುತ್ತಿದ್ದರಂತೆ. ತಮ್ಮಂದಿರು ಬಾಗಿಲಲ್ಲೇ ಕಾಯುತ್ತಿದ್ದರಂತೆ. ಲಾಡು ಅವರಿಬ್ಬರಿಗೆ. ತಾನು ಸೆರಗಿನ ಪುಡಿ ನೆಕ್ಕಿದ್ದು.

"ನಾಗು ಹೇಳ್ತಿದ್ದ, ನಂಗೆ ನೌಕರಿ ಆದ್ರೆ ನಿಂಗೆ ಬುಟ್ಟಿ ತುಂಬಾ ಲಾಡು ತರ್ತೆ ಅಕ್ಕ ಅಂತ."

ಇದನ್ನು ಕೇಳಿದ ಮೇಲೆ ತಾರಕ್ಕನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಸುಲಭವಲ್ಲ. ಆದರೂ ಇಟ್ಟುಕೊಂಡೇ ಕುಳಿತೆ.

ಮಧ್ಯಾಹ್ನ ಇವರ ಫೋಟೋದ ಎದುರು ಬಾಳೆಲೆ ಹಾಕಿದರು. ಅನ್ನ, ಸಾರು, ಪಲ್ಯ. ಮೂಲೆಯಲ್ಲಿ ಒಂದು ಖರ್ಜೂರದ ಉಂಡೆ. ತಾರಕ್ಕ ಅದನ್ನು ಇಟ್ಟು, ಸ್ವಲ್ಪ ನೋಡಿ, ಪಕ್ಕದಲ್ಲಿ ಇನ್ನೊಂದು ಇಟ್ಟರು. ಈಗ ಯಾವ ಪೊಲೀಸ್ ತಡೆಯಬೇಕು?

ಆಮೇಲೆ ತಟ್ಟೆ ನಮ್ಮ ಕಡೆ ಬಂತು. ನಾನು ಬೇಡ ಎಂದೆ. ವಿಧವೆಯ ಬೇಡಕ್ಕೆ ಬೇಗ ಮರ್ಯಾದೆ ಸಿಗುತ್ತದೆ, ತಟ್ಟೆ ಮುಂದೆ ಹೋಯಿತು. ಸುಮಿತ್ರಾ ಒಂದು ತೆಗೆದುಕೊಂಡಳು. ಗಣಪತಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. ಡಾಕ್ಟರು ಬೇಡ ಎಂದಿದ್ದಾರೆ ಅಕ್ಕ ಎಂದು ಮೆಲ್ಲಗೆ ಹೇಳಿದ.

"ಒಂದ್ ತಿಂದ್ರೆ ಎಂತ ಆಗ್ತದೆ? ಸಕ್ಕರೆ ಹಾಕೂಕೇ ಇಲ್ಲ. ಬರೀ ಖರ್ಜೂರ."

ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಎಷ್ಟೋ ವರ್ಷ ಅದೇ ಮನೆಯಲ್ಲಿ, ಯಾರಾದರೂ ಒಬ್ಬರು ನನ್ನ ಪರ ಮಾತಾಡಲಿ ಎಂದು ನಾನೂ ಸುತ್ತ ಹಾಗೆಯೇ ನೋಡಿದ್ದೆ.

"ಇವರಿಗೂ ಇದನ್ನೇ ಕೇಳ್ತಿದ್ರಿ ಅಕ್ಕ" ಎಂದೆ. "ಎಂತ ಆಗ್ತದೆ ಅಂತ ಅಲ್ಲಿ ಫೋಟೋಕ್ಕೆ ಹಾರ ಹಾಕಿ ಇಟ್ಟೀರಿ, ನೋಡಿ."

ತಾರಕ್ಕನ ಕೈಯ ತಟ್ಟೆ ವಾಲಿತು. ಒಂದು ಉಂಡೆ ಉರುಳಿ ನೆಲಕ್ಕೆ ಬಿತ್ತು. ಹಬ್ಬದ ದಿನ ಇಂಥ ಮಾತಾ ಎಂದರು. (ಹಬ್ಬ ಇಲ್ಲ ಎಂದೇ ಅಲ್ಲವೇ ಬಾಣಲೆ ಇಡದಿದ್ದದ್ದು?) ಆಮೇಲೆ ತಟ್ಟೆ ಕೆಳಗಿಟ್ಟು ನನ್ನತ್ತ ತಿರುಗಿದರು.

"ಹಂಗಾರೆ ನನ್ನ ತಮ್ಮನ್ನ ನಾನೇ ಕೊಂದದ್ದು ಅಂತೀಯಾ?"

ಇಲ್ಲ ಎನ್ನಬೇಕಿತ್ತು. ಅದು ನಿಜವೂ ಹೌದು. ಒಂದು ಮನೆಯ ಒಂದು ಉಂಡೆ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಇವರು ಹೋಗುತ್ತಿದ್ದದ್ದು ಒಂದು ಮನೆಗಲ್ಲವಲ್ಲ? ಪ್ರತಿ ಮನೆಯವರಿಗೂ ತಾವು ಕೊಟ್ಟದ್ದು ಒಂದೇ ಎನ್ನುವ ಸಮಾಧಾನವಿದೆ. ಎಲ್ಲ ಮನೆಗಳದ್ದೂ ಕೂಡಿದ್ದು ಒಬ್ಬರ ದೇಹದಲ್ಲಿ. ಹೀಗೆಲ್ಲ ಹೇಳಬಹುದಿತ್ತು. ತಾರಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಎದ್ದದ್ದು ಗಣಪತಿ. ಮುಂದೆ ಬಂದ. ತಟ್ಟೆಯಿಂದ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡ.

"ಆಯ್ತಲ್ಲ ಅಕ್ಕ. ತಿಂದೆ ನೋಡು. ಅಳೂದು ಬೇಡ."

ತಾರಕ್ಕನ ಅಳು ನಿಲ್ಲಲಿಲ್ಲ. ಅವನು ಇನ್ನೊಂದು ತೆಗೆದುಕೊಂಡ. ಅದು ಮುಗಿಯುವ ಹೊತ್ತಿಗೆ ಅಳು ನಿಂತಿತು. ಚೆನ್ನಾಗಿದೆ ಎಂದ. ಗಸಗಸೆ ಹಾಕಿದ್ದರಿಂದ ಹೊಸ ರುಚಿ ಬಂದಿದೆ ಎಂದ. ತಾರಕ್ಕ ಕಣ್ಣು ಒರೆಸಿಕೊಂಡು, ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ಕಾಗೆಗೆ ಎಸೆಯಲು ಹೊರಗೆ ಹೋದರು. ಮನೆ ಮತ್ತೆ ಸರಿಯಾಯಿತು. ನನ್ನ ಮುಖವನ್ನು ಮಾತ್ರ ಯಾರೂ ನೋಡಲಿಲ್ಲ.

ನಮ್ಮ ಮನೆಗಳು ಹೀಗೆಯೇ ಅಲ್ಲವೇ ಸರಿಯಾಗುವುದು? ಒಬ್ಬರ ಕಣ್ಣೀರು ಒರೆಸಲು ಇನ್ನೊಬ್ಬರ ರಕ್ತ ಬೇಕು. ಹಾಗೆ ಕೊಡುವವನಿಗೆ ನಾವು ಇಟ್ಟ ಹೆಸರು ಒಳ್ಳೆಯವನು. ನನ್ನ ಗಂಡ ತುಂಬ ಒಳ್ಳೆಯವರಾಗಿದ್ದರು. ಸಾವಿನ ದಿನ ಬಂದವರೆಲ್ಲ ಅದನ್ನೇ ಹೇಳಿದರು.

ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುವಾಗ ಸುಮಿತ್ರಾ ಮೆಲ್ಲಗೆ ಹೇಳಿದಳು: "ನೀವು ಬಸ್ಸು ಹತ್ತಿ ಹೋಗ್ತ್ರಿ. ಇನ್ ಮೇಲೆ ಪೊಲೀಸ್ ನಾನಲ್ದಾ ಅಕ್ಕ?"

ಹೌದು ಎಂದೆ. ಬೇರೆ ಏನು ಹೇಳಲಿ? ಆ ಕೆಲಸಕ್ಕೆ ರಜೆ ಇಲ್ಲ, ಗೌರವವೂ ಇಲ್ಲ, ಕೊನೆಗೆ ಕಳ್ಳನೂ ಉಳಿಯುವುದಿಲ್ಲ ಎಂದು ಅವಳಿಗೆ ಹೇಳಲಾಗಲಿಲ್ಲ.

ಹೊರಡುವಾಗ ತಾರಕ್ಕ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಚೀಲದೊಳಗೆ ಇಟ್ಟರು. ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿದರು. ಬಸ್ಸು ಅವರ್ಸೆ ದಾಟುವವರೆಗೂ ಅದನ್ನು ಮಡಿಲಲ್ಲೇ ಹಿಡಿದುಕೊಂಡಿದ್ದೆ. ಬಿಸಾಡುವ ಮನಸ್ಸಾಯಿತು. ಬಿಸಾಡಲಿಲ್ಲ. ಈಗಲೂ ಅಡುಗೆಮನೆಯಲ್ಲಿ, ಇವರ ಮಾತ್ರೆಗಳಿದ್ದ ಜಾಗದಲ್ಲಿ ಕುಳಿತಿದೆ.

ಮರುದಿನ ಬೆಳಿಗ್ಗೆ ಗಣಪತಿ ಫೋನ್ ಮಾಡಿದ. ಅತ್ತಿಗೆಗೆ ಸಿಟ್ಟು ಇಳಿಯಿತೇ ಎಂದು ಕೇಳಲು. ಇಳಿದಿಲ್ಲ ಎಂದೆ. ಸಕ್ಕರೆ ನೋಡಿಕೊಂಡೆಯಾ ಎಂದು ಕೇಳಿದೆ. ನೋಡಿದನಂತೆ. ಎಷ್ಟು ಎಂದರೆ ಹೇಳಲಿಲ್ಲ. ನಕ್ಕ. ಅಣ್ಣನದೇ ನಗು.

"ಸಕ್ಕರೆ ಹಾಕೂಕೇ ಇಲ್ಲ ಅಂದ್ಳಲ್ಲ ಅಕ್ಕ. ನೀವ್ ಕೊಟ್ಟ ಮಷಿನ್ನೇ ಹಾಳಾಗಿರ್ಬೇಕು ಅತ್ಗೆ."

ಇವರ ಕೈಯಲ್ಲೂ ಅದು ಹೀಗೇ ಅಲ್ಲವೇ ಹಾಳಾಗಿದ್ದು?