ಹೊಸ್ತಿಲಾಚೆ ನಿಂತು ಹೆಸರಿಟ್ಟವರು

ನನ್ನ ಗಂಡನ ಅಕ್ಕನ ಕೆಳತುಟಿಯ ಎಡ ಮೂಲೆಯಲ್ಲಿ ಜೋಳದ ಕಾಳಿನಷ್ಟು ಅಗಲದ ಬಿಳಿ ಕಲೆಯಿತ್ತು. ನಕ್ಕಾಗ ಬಾಯಿಯ ಆ ಭಾಗ ಮಾತ್ರ ಅರಳುತ್ತಿರಲಿಲ್ಲ. ಚಿಕ್ಕವರಿದ್ದಾಗ ಅಲ್ಲಿ ನೀರುಗುಳ್ಳೆ ಎದ್ದಿತ್ತಂತೆ. ಹಲ್ಲಿ ಉಚ್ಚೆ ಹೊಯ್ದಿದೆ ಎಂದು ಮನೆಯವರು ಎಲೆಯಡಿಕೆಯ ಸುಣ್ಣ ಬಳಿದರು. ಗುಳ್ಳೆ ಹೋಯಿತು, ಸುಣ್ಣ ಸುಟ್ಟ ಗುರುತು ಉಳಿಯಿತು.

"ಇಡೀ ಮನಗೂಳಿ ಊರ ಬಿಟ್ಟು ಹಲ್ಲಿಗೆ ನನ್ನ ತುಟೀನ ಬೇಕಾಗಿತ್ತೇನು?" ಎಂದು ಅವರು ಕೇಳುತ್ತಿದ್ದರು. ನಾವು ನಗುತ್ತಿದ್ದೆವು. ಅವರಿಗೆ ನಗು ಬರುತ್ತಿರಲಿಲ್ಲ.

ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವರ ಮನೆ. ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದರು. ಬಿಸಿಲಿಗೆ ಹೋಗಿ ಬಂದರೆ, ಜ್ವರ ಬಂದರೆ, ನಿದ್ದೆಗೆಟ್ಟರೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಹೊರಗೆ ಹೊರಟರೆ ಸೆರಗು ಮೂಗಿನವರೆಗೆ. ಮುಲಾಮಿನ ಟ್ಯೂಬು ಸದಾ ಕುಬಸದೊಳಗೆ. "ತುಟಿ ಚುಮುಚುಮು ಅಂದ ಕೂಡ್ಲೇ ಹಚ್ಚಬೇಕು. ಗುಳ್ಳಿ ಎದ್ದ ಮ್ಯಾಲ ಏನ್ ಹಚ್ಚಿದ್ರೂ ಅದು ತನ್ನ ದಿನಾ ತಗೊಂಡೇ ಹೋಗತೈತಿ" ಎನ್ನುತ್ತಿದ್ದರು. ಹಚ್ಚಿದ ಮೇಲೆ ಸಾಬೂನಿನಿಂದ ಕೈ ತೊಳೆಯುತ್ತಿದ್ದರು. ಅವರ ಲೋಟ ಬೇರೆ, ಟವೆಲ್ ಬೇರೆ. ನಮ್ಮ ಮನೆಗೆ ಬಂದಾಗಲೂ ಚಹಾಕ್ಕೆ ತಮ್ಮ ಲೋಟ ತರುತ್ತಿದ್ದರು. "ಬಂದ್ಲು ನೋಡ್ರಿ ದೇಸಾಯರ ಸೊಸಿ, ತನ್ನ ಲೋಟಾ ಹಿಡಕೊಂಡು" ಎಂದು ನಮ್ಮ ದೊಡ್ಡತ್ತಿ, ಅಂದರೆ ನನ್ನ ಅತ್ತೆಯ ಅಕ್ಕ, ಎಲ್ಲರೆದುರು ಆಡಿಕೊಳ್ಳುತ್ತಿದ್ದರು.

ನಾನು ಬಸುರಿದ್ದಾಗ ಒಂದು ಮಧ್ಯಾಹ್ನ ಹೊಲಿಗೆ ಮಷೀನು ನಿಲ್ಲಿಸಿ ಅಕ್ಕ ತಾವಾಗಿಯೇ ಕಾರಣ ಹೇಳಿದರು. ಅವರಿಗೊಂದು ಗಂಡುಮಗು ಹುಟ್ಟಿತ್ತು. ಬಾಣಂತನದ ಕೋಣೆಯಲ್ಲೇ ಅದಕ್ಕೆ ಜ್ವರ ಬಂತು, ಮೊಲೆ ಬಿಟ್ಟಿತು. ದೃಷ್ಟಿಯಾಗಿದೆ ಎಂದು ಮನೆಯವರು ಕೊರಳಿಗೆ ಅಂತ್ರ ಕಟ್ಟಿಸಿದರು. ವಿಜಯಪುರದ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕಾಲ ಮೀರಿತ್ತು. ಯಾರೋ ತುಟಿಯಲ್ಲಿ ಗುಳ್ಳೆ ಇಟ್ಟುಕೊಂಡು ಕೂಸಿಗೆ ಮುತ್ತು ಕೊಟ್ಟಿದ್ದಾರೆ, ದೊಡ್ಡವರಿಗೆ ಅದು ಬರೀ ಗುಳ್ಳೆ, ಹಸುಗೂಸಿನ ಜೀವಕ್ಕೇ ಸಂಚಕಾರ ಎಂದರಂತೆ ಡಾಕ್ಟರು.

"ಯಾರು ಕೊಟ್ಟಿದ್ರು ಅಕ್ಕಾರ?"

"ಯಾರಾದ್ರೇನು? ಹೆಸರ ಹೇಳಿದ್ರ ಕೂಸು ತಿರುಗಿ ಬರತೈತೇನು? ನೀನೂ ಯಾರ ಮುಂದೂ ಹೇಳಬ್ಯಾಡ." ಮತ್ತೆ ಮಷೀನು ತುಳಿಯತೊಡಗಿದರು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಝಳಕಿಯ ನನ್ನ ತವರಿನಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಾಗಿ ಕಿವಿಗೆ ಬಾಯಿ ತಂದಾಗ ಉಳಿದ ಹೆಂಗಸರು ನಗುತ್ತಾ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿನ್ನಲೆಂದೇ ಗಂಡನ ಅಕ್ಕ ನನ್ನ ತವರಿನವರು ಕೊಟ್ಟ ಹೊಸ ಸೀರೆ ಉಟ್ಟು, ಚೈತ್ರದ ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದರು. ದಾರಿಯಲ್ಲೇ ತುಟಿ ಚುಮುಗುಟ್ಟಿತ್ತು. ಮುಲಾಮು ಹಚ್ಚಿದ್ದರೂ ಮನೆ ಮುಟ್ಟುವಷ್ಟರಲ್ಲಿ ಗುಳ್ಳೆ ಎದ್ದಿತ್ತು.

ಹೆಂಗಸರು ಮುಷ್ಟಿ ಕಟ್ಟಿಕೊಂಡು ಕಾಯುತ್ತಿದ್ದರು. ಅಕ್ಕ ಹೊಸ್ತಿಲು ದಾಟಲಿಲ್ಲ. ಸೆರಗು ಬಾಯಿಗೆ ಒತ್ತಿ ಹಿಡಿದು, "ನನ್ನ ತುಟಿ ಒಡದೈತಿ. ನಾ ಕೂಸಿನ ಹತ್ರ ಬರಾಂಗಿಲ್ಲ" ಎಂದರು.

"ಹೆಣ್ಣ ಹುಟ್ಟೇತಂತ ನೆವಾ ತಗದಾಳ" ಎಂದಳು ಒಬ್ಬಳು.

"ಉಡಿಸಿದ ಸೀರಿ ಮನಸಿಗೆ ಬಂದಿಲ್ಲವಾ ಆಕಿಗೆ" ಎಂದಳು ಇನ್ನೊಬ್ಬಳು.

ದೊಡ್ಡತ್ತಿ ತೊಟ್ಟಿಲಿಂದ ಕೂಸನ್ನೆತ್ತಿ ಅವರ ಮುಖಕ್ಕೇ ಒಯ್ದರು. "ಮುಟ್ಟಿದ್ರ ಏನ್ ಸಾಯತೈತೇನ್? ಬಂಜಿ ಹೊಟ್ಟ್ಯಾಗ ಎಷ್ಟ್ ಕಿಚ್ಚಿರತೈತಿ ನೋಡ್ರಿ!"

ಅವರು ಆ ಕೈಗೆ ಹೊಡೆದಂತೆ ತಳ್ಳಿ ಅಂಗಳಕ್ಕಿಳಿದರು. ಅಲ್ಲಿಂದಲೇ, ಇಡೀ ಓಣಿಗೆ ಕೇಳುವಂತೆ, ನನ್ನ ಮಗಳ ಹೆಸರನ್ನು ಕೂಗಿದರು. ಒಂದು ಸಲವಲ್ಲ, ದನಿ ಒಡೆಯುವವರೆಗೆ. "ಕೂಸಿನ ಮುಖಕ್ಕ ಯಾರೂ ಬಾಯಿ ಹಚ್ಚಬ್ಯಾಡ್ರಿ!" ಎಂದೂ ಕೂಗಿದರು. ಊಟ ಮಾಡದೆ ಬಸ್ ನಿಲ್ದಾಣಕ್ಕೆ ನಡೆದರು. ಅವರ ಬೆನ್ನಿಗೆ ಒಂದು ಗುದ್ದೂ ಬೀಳಲಿಲ್ಲ.

ತಮ್ಮ ಕೂಸು ಹೋದದ್ದು ಹೇಗೆಂದು ಒಂದೇ ಒಂದು ಮಾತು ಹೇಳಿದ್ದರೆ ಆ ಹೆಂಗಸರ ಬಾಯಿ ಮುಚ್ಚುತ್ತಿತ್ತು. ಹೇಳಿದ್ದರೆ ಮುಂದಿನ ಪ್ರಶ್ನೆ, ಅಂದು ಮುತ್ತು ಕೊಟ್ಟವರು ಯಾರು ಎಂಬುದು. ಆ ಯಾರನ್ನೋ ಉಳಿಸಲು ಅವರು ಬಂಜೆ ಎನಿಸಿಕೊಂಡು, ಸೊಕ್ಕಿನವಳು ಎನಿಸಿಕೊಂಡು ಬದುಕಿದರು. ಒಳ್ಳೆಯತನವೆಂದು ಇದನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಹಲ್ಲಿಯನ್ನು ನಂಬಿದವರು, ದೃಷ್ಟಿಯನ್ನು ನಂಬಿದವರು, ಕೂಸನ್ನು ಹೆತ್ತು ಕಳೆದುಕೊಂಡವಳ ಮಾತನ್ನು ಮಾತ್ರ ನಂಬಲಿಲ್ಲ. ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಸೋದರತ್ತೆಯ ಹೊಲಿಗೆಯ ಕುಬಸವೇ ಬೇಕು ಅವಳಿಗೆ.

ಈ ಮಳೆಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ದಿನಕರ್ಮದ ಊಟಕ್ಕೆ ಎಲ್ಲರೂ ಬಂದಿದ್ದರು. ದೊಡ್ಡತ್ತಿ ಗೋಡೆಗೊರಗಿ ಅಳುತ್ತಿದ್ದರು. "ಕೂಸಂದ್ರ ಜೀವಾ ಬಿಡತಿದ್ಲವಾ ನಮ್ಮಾಕಿ." ಅಳುತ್ತಲೇ ಅವರು ನನ್ನ ಮೈದುನನ ಹಸುಗೂಸನ್ನು ಚಾಪೆಯಿಂದ ಎತ್ತಿಕೊಂಡರು. ಅವರ ಮೇಲ್ತುಟಿಯಲ್ಲಿ ಹಸಿ ಗುಳ್ಳೆಯಿತ್ತು. ಮುತ್ತು ಕೊಡಲು ಕೂಸನ್ನು ಮುಖದ ಹತ್ತಿರ ತಂದರು.

ನಾನು ಎದ್ದು ಕೂಸನ್ನು ಕಸಿದುಕೊಂಡೆ.

"ಅಯ್ಯ, ಏನ್ ಬಂತ ಇಕಿಗೆ! ಸತ್ತಾಕಿ ಗಾಳಿ ಇಕಿಗೂ ಬಡದೈತಿ ನೋಡ್ರಿ!"

"ಹೌದ್ರಿ, ಬಡದೈತಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅಕ್ಕಾರ ಕೂಸು ಇಂಥಾ ಗುಳ್ಳಿಯಿಂದನ ಹೋತು. ಡಾಕ್ಟರ ಹೇಳಿದ್ರು. ನಿಮ್ಮ ತುಟಿ ಪೂರಾ ಮಾಯೂ ತನಕ ಈ ಕೂಸಿನ ಹತ್ರ ಬರಬ್ಯಾಡ್ರಿ."

ಕೂಸಿನ ತಾಯಿ ಬಡಿಸುತ್ತಿದ್ದ ಪಾತ್ರೆಯನ್ನು ನೆಲಕ್ಕಿಟ್ಟಳು. ನನ್ನ ಮುಖ ನೋಡಿದಳು, ದೊಡ್ಡತ್ತಿಯ ತುಟಿ ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು, ಕೂಸಿನ ಸಮೇತ ನನ್ನನ್ನು ಒಳಕೋಣೆಗೆ ಕರೆದೊಯ್ದು, ಬಾಗಿಲಿಗೆ ಅಗಳಿ ಹಾಕಿದಳು.