ತೋಡಿನ ಆಚೆ ಇನ್ನೂರು, ಈಚೆ ನಾಲ್ಕು

ಬೆಳಗಿನ ಐದೂ ಮುಕ್ಕಾಲು. ಕುಟ್ಟನಾಡಿನ ವಟ್ಟಚಿರ ಎಂಬ ಹಿನ್ನೀರ ಹಳ್ಳಿಯಲ್ಲಿ ಮೊದಲ ಬೋಟಿನ ಸದ್ದು ಇನ್ನೂ ಕೇಳಿಸಿಲ್ಲ. ಲತಿಕಾ ಕೈಬಳೆ ತೆಗೆದು ಸಕ್ಕರೆ ಡಬ್ಬಿಯ ಮೇಲಿಡುತ್ತಾರೆ, ಉಂಗುರವನ್ನೂ ಬಿಚ್ಚುತ್ತಾರೆ. ಹೂವಿಲ್ಲದ, ಗೆರೆಯಿಲ್ಲದ ಕಡುನೀಲಿ ಕುರ್ತಾ ತೊಟ್ಟು, ಹಳೆಯ ಹಸಿರು ಹೊದಿಕೆ ಇಳಿಬಿಟ್ಟ ಗೋಡೆಗೆ ಬೆನ್ನು ಹಾಕಿ ಕೂರುತ್ತಾರೆ. ಹಿಂದೆ ಬಣ್ಣ ಹೆಚ್ಚಾದರೆ ಕೈ ಕಾಣುವುದಿಲ್ಲ. ಕೈ ಕಾಣದಿದ್ದರೆ ಇವರ ಮಾತು ಯಾರನ್ನೂ ಮುಟ್ಟುವುದಿಲ್ಲ.

ಎದುರಿನ ಪರದೆಯಲ್ಲಿ ಕೋಟ್ಟಯಂ ಕಡೆಯ ಒಂದು ಆಸ್ಪತ್ರೆಯ ಡಯಾಲಿಸಿಸ್ ಕೋಣೆ. ಮಂಚದ ಮೇಲಿರುವ ಅರವತ್ತರ ಗಂಡಸಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನರ್ಸ್ ಬಾಯಲ್ಲಿ ಕೇಳಿದ್ದನ್ನು ಲತಿಕಾ ಸನ್ನೆ ಭಾಷೆಯಲ್ಲಿ ಕೇಳುತ್ತಾರೆ. ರೋಗಿ ಕೈಯಲ್ಲಿ ಕೊಟ್ಟ ಉತ್ತರವನ್ನು ನರ್ಸ್‌ಗೆ ಮಲಯಾಳದಲ್ಲಿ ಹೇಳುತ್ತಾರೆ. ನಿನ್ನೆಯಿಂದ ಎಷ್ಟು ನೀರು ಕುಡಿದಿರಿ? ಎರಡು ಲೋಟ. ಬರೀ ಎರಡೇನಾ? ಅವರು ಮೀನಿನ ಸಾರನ್ನೂ ಲೆಕ್ಕಕ್ಕೆ ಹಿಡಿಯಬೇಕಾ ಎಂದು ಕೈಯಲ್ಲೇ ಕೇಳುತ್ತಾರೆ. ನರ್ಸ್ ನಗುತ್ತಾಳೆ. ಚಿತ್ರ ಎಲ್ಲೂ ನಿಲ್ಲುವುದಿಲ್ಲ. ಊರು ಏಳುವ ಮುಂಚಿನ ಈ ಎರಡು ತಾಸು ಲತಿಕಾರ ಪಾಲಿಗೆ ಬಂಗಾರ.

ಎಂಟು ಗಂಟೆಯಾಗುತ್ತಲೇ ಅದು ತವರವಾಗುತ್ತದೆ. ತೋಡು ಎಂದು ಕರೆಯುವ ಊರ ನಡುವಿನ ಕಾಲುವೆಯ ಪಡುವಣ ದಂಡೆಯ ಒಂಬತ್ತು ಮನೆಗಳಿಗೂ ಇರುವುದು ಹಳೆಯ ಫೋನಿನ ತಾಮ್ರದ ತಂತಿ. ಎಲ್ಲರೂ ಮಲಗಿರುವಾಗ ನಾಲ್ಕು ಎಂಬಿ ಸ್ಪೀಡ್ ಕೊಡುವ ಅದು, ಎಲ್ಲರೂ ಎದ್ದ ಮೇಲೆ ಒಂದಕ್ಕೆ ಇಳಿಯುತ್ತದೆ. ಮೊಬೈಲ್ ಟವರ್ ದೂರ. ತೆಂಗಿನ ತಲೆಗಳ ನಡುವೆ ನುಸುಳಿ ಒಂದು ಕಡ್ಡಿ ಸಿಗ್ನಲ್ ಬಂದರೆ ಹೆಚ್ಚು. ದಿನಕ್ಕೆ ಹನ್ನೆರಡರಿಂದ ಹದಿನಾರು ಕರೆಗಳು ಬರುತ್ತವೆ, ಏಳು ಆಸ್ಪತ್ರೆಗಳಿಂದ. ತಿರುವನಂತಪುರದ ಸಂಸ್ಥೆಯೊಂದು ಈ ಕೆಲಸ ಕೊಟ್ಟಿದೆ. ವಾರದಲ್ಲಿ ಮೂರು ಕರೆ ಕಡಿದುಹೋದರೆ ಆ ಪಾಳಿ ಬೇರೆಯವರಿಗೆ ಹೋಗುತ್ತದೆ. ಸಂಜೆಯ ಪಾಳಿ ಹಾಗೆಯೇ ಕೊಚ್ಚಿಯ ಹುಡುಗಿಯೊಬ್ಬಳ ಪಾಲಾಯಿತು.

"ಅವಳು ಕಲಿತು ಎರಡು ವರ್ಷ ಆಯ್ತು ಅಷ್ಟೆ," ಎನ್ನುತ್ತಾರೆ ಲತಿಕಾ. "ನನಗೆ ಹಾಲು ಕುಡಿಯೋವಾಗಿಂದ ಬರುತ್ತೆ. ಆದ್ರೆ ಅವಳ ನೆಟ್ ಚೆನ್ನಾಗಿದೆ."

ಹಾಲು ಕುಡಿಯುವಾಗಿನಿಂದ ಎಂಬುದು ಉತ್ಪ್ರೇಕ್ಷೆಯಲ್ಲ. ಲತಿಕಾರ ಅಪ್ಪ ಕುಂಞಪ್ಪನ್ ಕಾಯಲಿನ, ಅಂದರೆ ಹಿನ್ನೀರಿನ, ತಳಕ್ಕೆ ಮುಳುಗಿ ಬುಟ್ಟಿಯಲ್ಲಿ ಕೆಸರು ತಂದು ಗದ್ದೆಯ ಏರಿ ಕಟ್ಟುತ್ತಿದ್ದವರು. ಅವರಿಗೂ ಅಮ್ಮ ಕಾರ್ತ್ಯಾಯನಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತೆಂದರೆ ಕೈ. ಆರು ವರ್ಷದ ಲತಿಕಾ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪಂಚಾಯ್ತಿಯಲ್ಲಿ ಅಪ್ಪನ ಬಾಯಿಯಾಗಿ ನಿಂತಳು. ಹನ್ನೊಂದನೆಯ ವಯಸ್ಸಿನಲ್ಲಿ ಆಲಪ್ಪುಳದ ಆಸ್ಪತ್ರೆಯಲ್ಲಿ ಅಪ್ಪನ ಶ್ವಾಸಕೋಶದಲ್ಲಿ ಏನಿದೆ ಎಂಬುದನ್ನು ಅಪ್ಪನಿಗೆ ತಿಳಿಸಿದವಳೂ ಅವಳೇ. ಡಾಕ್ಟರು ದೊಡ್ಡವರು ಯಾರೂ ಬಂದಿಲ್ಲವೇ ಎಂದು ಕೇಳಿದ್ದರಂತೆ. ಯಾರೂ ಇರಲಿಲ್ಲ. ಅಪ್ಪ ಹೋದ ಮೇಲೆ ಉಳಿದದ್ದು ಅಮ್ಮ. ಈಗ ಎಪ್ಪತ್ತೆರಡರ ಕಾರ್ತ್ಯಾಯನಿ ಮಗಳ ಮನೆಯ ಯಜಮಾನಿ. ಸರ್ಕಾರಿ ಬೋಟಿನಲ್ಲಿ ಹಗ್ಗ ಕಟ್ಟುವ ಅಳಿಯ ಸುಗತನ್‌ಗೆ ಅವರು ಕೈಯಲ್ಲೇ ಬೈದರೆ ಅವನು ಕಣ್ಣು ಮುಚ್ಚಿಕೊಂಡು ಪಾರಾಗುತ್ತಾನೆ.

ತೋಡಿನ ಅಗಲ ಹೆಚ್ಚೆಂದರೆ ಮೂವತ್ತು ಅಡಿ. ಆಚೆ ದಂಡೆಯಲ್ಲಿ ಮೋಳಿಕುಟ್ಟಿಯವರ ಮನೆ. ಹಿಂದಿನ ವರ್ಷ ಓಣಂ ಮುಗಿದ ವಾರ ಕೇಬಲ್ ಕಂಪನಿಯವರು ಮೂಡಣ ದಂಡೆಯ ಉದ್ದಕ್ಕೂ ಫೈಬರ್ ಎಳೆದರು. ಇನ್ನೂರು ಎಂಬಿ. ಮೋಳಿಕುಟ್ಟಿಯವರ ಕಿಟಕಿಯಲ್ಲಿ ಬಿಳಿ ಪೆಟ್ಟಿಗೆಯೊಂದು ಕೂತಿತು, ಅದರಲ್ಲಿ ನಾಲ್ಕು ಹಸಿರು ದೀಪ. ಮುಂಜಾನೆ ಕೆಲಸಕ್ಕೆ ಕೂತಾಗ ಲತಿಕಾರ ಕಣ್ಣಿಗೆ ಮೊದಲು ಬೀಳುವುದು ಅವೇ.

ಪಡುವಣ ದಂಡೆಯ ಕಂಬಗಳು ವಾಲಿವೆ, ಬರೀ ಒಂಬತ್ತು ಮನೆ, ಮುಂದಿನ ಹಂತದಲ್ಲಿ ನೋಡೋಣ ಎಂದಿತು ಕಂಪನಿ. ಲೈನ್‌ಮನ್ ತಂಪಿ ಕೈಗೆ ಸಿಕ್ಕಾಗಲೆಲ್ಲ ಹೊಸ ಗಡುವು ಕೊಟ್ಟ. ಕ್ರಿಸ್‌ಮಸ್‌ಗೆ ಬರುತ್ತೆ ಎಂದ. ವಿಷುವಿಗೆ ಗ್ಯಾರಂಟಿ ಎಂದ. ದೋಣಿ ಪಂದ್ಯ ಒಂದು ಮುಗಿದುಬಿಡಲಿ ಎಂದ. ಲತಿಕಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದೂರಿನ ನಂಬರುಗಳನ್ನು ಬರೆದಿಟ್ಟಿದ್ದಾರೆ, ಒಟ್ಟು ಇಪ್ಪತ್ಮೂರು. ಕೊನೆಯ ಸಲ ತಂಪಿ ಅಕ್ಕನೆಂಬ ಸಲುಗೆಯಲ್ಲಿ, "ಚೇಚಿ, ನಿಮ್ಮಿಂದಾಗಿ ಆಫೀಸಲ್ಲಿ ನನ್ನನ್ನ ಪಡುದಂಡೆ ಅಂತಾನೇ ಕರೀತಾರೆ" ಎಂದು ಅಲವತ್ತುಕೊಂಡ.

ಕಾಯುವುದಾದರೂ ಸಹ್ಯ. ಎದುರುಮನೆಯನ್ನು ನೋಡುತ್ತ ಕಾಯುವುದು ಸಹ್ಯವಲ್ಲ. ಮೋಳಿಕುಟ್ಟಿ ಕುವೈತಿನಲ್ಲಿರುವ ತಂಗಿಗೆ ವಿಡಿಯೊ ಕರೆ ಮಾಡಿ ಫೋನನ್ನು ಒಲೆಯ ಪಕ್ಕ ಒರಗಿಸಿ ಇಡುತ್ತಾರೆ. ಅಕ್ಕ ಇಲ್ಲಿ ಮೀನು ಹೆಚ್ಚುತ್ತಾಳೆ, ತಂಗಿ ಅಲ್ಲಿ ಈರುಳ್ಳಿ ಹೆಚ್ಚುತ್ತಾಳೆ. ಎರಡೆರಡು ತಾಸು, ಎರಡು ಮಾತೂ ಇಲ್ಲ. ಸಾಲದ್ದಕ್ಕೆ ಅವರ ಗಂಡ ಬಾತುಕೋಳಿ ಕಳ್ಳರ ಕಾಟಕ್ಕೆಂದು ದೊಡ್ಡಿಯಲ್ಲಿ ನಾಲ್ಕು ಕ್ಯಾಮರಾ ಹಾಕಿಸಿದ್ದಾರೆ. ಹಗಲೂ ರಾತ್ರಿ ಆರುನೂರು ಬಾತುಕೋಳಿ ಟಿವಿಯಲ್ಲಿ ಕಾಣುತ್ತವೆ.

"ಒಂದೊಂದು ಪುಕ್ಕ ಕಾಣುತ್ತೆ," ಎನ್ನುತ್ತಾರೆ ಲತಿಕಾ. "ಬಾತುಕೋಳಿ ಕೊಕ್ಕು ಕೆರ್ಕೊಳ್ಳೋದು ತಡೆಯಿಲ್ದೆ ಬರುತ್ತೆ. ಇಲ್ಲಿ ಒಬ್ಬ ರೋಗಿ ಎದೆ ನೋವು ಅಂತ ಕೈ ಎತ್ತಿದ್ರೆ, ಕೈ ಅಲ್ಲೇ ನಿಂತಿರುತ್ತೆ."

ಮೋಳಿಕುಟ್ಟಿ ಕೆಟ್ಟವರಲ್ಲ. ಪೆಟ್ಟಿಗೆ ಬಂದ ವಾರವೇ ಮೆಟ್ಟಿಲ ಮೇಲೆ ನಿಂತು ಕೂಗಿ ಕರೆದಿದ್ದರು. ಇಷ್ಟೊಂದು ನೆಟ್ ನಮಗೇತಕ್ಕೆ, ಬಂದು ಇಲ್ಲೇ ಕೂತು ಕೆಲಸ ಮಾಡು ಎಂದಿದ್ದರು. ಆ ದನಿ ಎಂಟು ಮನೆಗೆ ಕೇಳಿಸಿತ್ತು. ಬೇಡ ಚೇಚಿ, ನಮ್ಮದೂ ಬರುವ ವಾರ ಬರುತ್ತೆ ಎಂದು ಲತಿಕಾ ಅಷ್ಟೇ ಗಟ್ಟಿಯಾಗಿ ಹೇಳಿ ಒಳಗೆ ಹೋದರು. ಅಂದಿನಿಂದ ಬಟ್ಟೆ ಒಗೆಯುವ ಹೊತ್ತು ಬದಲಾಯಿತು. ಒಬ್ಬರು ತಮ್ಮ ದಂಡೆಯ ಕಡವಿನ ಮೆಟ್ಟಿಲಿಗೆ ಇಳಿದರೆ ಇನ್ನೊಬ್ಬರು ಇಳಿಯುತ್ತಿರಲಿಲ್ಲ. ಹತ್ತು ತಿಂಗಳು ಹಾಗೇ ನಡೆಯಿತು.

ಇನ್ನೊಂದು ಸಂಗತಿಯಿದೆ. ಲತಿಕಾ ಅದನ್ನು ಬಚ್ಚಿಡುವುದಿಲ್ಲ. ಕೊಯ್ಲು ಮುಗಿದ ದಿನಗಳಲ್ಲಿ ಆಚೆ ದಂಡೆಯ ಕಿರುತೋಡಿನ ಮೇಲೆ ಫೈಬರ್ ತಂತಿ ಜೋತುಬಿದ್ದಿತ್ತು. ಹುಲ್ಲು ಹೇರಿದ ದೋಣಿಗಳು ಅಲ್ಲಿಂದಲೇ ಹೋಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಒಂದು ವಾರ ದಿನವೂ ನೋಡಿದರು, ಯಾರಿಗೂ ಹೇಳಲಿಲ್ಲ. ಎಂಟನೆಯ ದಿನ ಹುಲ್ಲಿನ ದೋಣಿ ತಂತಿಯನ್ನು ಕಿತ್ತುಕೊಂಡು ಹೋಯಿತು. ಮೋಳಿಕುಟ್ಟಿಯವರ ಕಿಟಕಿ ಮೂರು ದಿನ ಕತ್ತಲಾಗಿತ್ತು.

"ಹೇಳಬಹುದಿತ್ತು. ಹೇಳಲಿಲ್ಲ," ಎನ್ನುತ್ತಾರೆ. "ಆ ಮೂರು ದಿನ ನನಗೆ ಊಟ ರುಚಿಸ್ತು. ಅಮ್ಮಂಗೆ ಎಲ್ಲಾ ಗೊತ್ತಾಗಿತ್ತು. ಕಿವಿ ಇಲ್ದೋರಿಗೆ ಮುಖ ಓದೋದು ಯಾರೂ ಕಲಿಸಬೇಕಾಗಿಲ್ಲ. ಹೊಟ್ಟೆ ಮೇಲೆ ಬೆರಳಿಟ್ಟು ಒಲೆ ಉರಿಯೋ ಹಾಗೆ ಆಡಿಸಿ ತೋರಿಸಿದ್ರು."

ಆಮೇಲೆ ಬಂದದ್ದು ಮಳೆಗಾಲದ ಕರ್ಕಾಟಕ ಮಾಸದ ಒಂದು ಬುಧವಾರ. ಕರೆ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಇದನ್ನು ಬರೆಯಲು ಕರೆಯ ಆಚೆಗಿದ್ದ ಹೆಣ್ಣುಮಗಳ ಒಪ್ಪಿಗೆಯಿದೆ. ಹೆಸರು ಮಾತ್ರ ಲತಿಕಾ ಹೇಳುವುದಿಲ್ಲ, ಈ ಕೆಲಸದ ನಿಯಮ ಅದು. ಇಪ್ಪತ್ತಾರರ ತುಂಬು ಬಸುರಿ, ಕಿವಿ ಕೇಳದು. ಒಂದು ಗಂಡು ಮಗುವಿದೆ. ಎರಡನೆಯದಕ್ಕೆ ಇನ್ನರ್ಧ ತಾಸಿನಲ್ಲಿ ಸಿಸೇರಿಯನ್. ಜೊತೆಗೇ ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಡುವುದಾ ಎಂದು ಡಾಕ್ಟರು ಕೇಳಿದರು. ಲತಿಕಾ ಆ ಪ್ರಶ್ನೆಯನ್ನು ಕೈಯಲ್ಲಿ ಕೇಳಿದರು. ಹುಡುಗಿ ಉತ್ತರಕ್ಕೆ ಎರಡೂ ಕೈ ಎತ್ತಿದಳು.

ಚಿತ್ರ ಅಲ್ಲೇ ನಿಂತಿತು. ಕೈಗಳಿದ್ದ ಜಾಗದಲ್ಲಿ ಬೂದು ಚೌಕಗಳು. ದನಿ ಮಾತ್ರ ತುಂಡುತುಂಡಾಗಿ ಬರುತ್ತಿತ್ತು. ಮನೆಯಲ್ಲೇ ಒಪ್ಪಿದ್ದಾಳೆ ಡಾಕ್ಟರೇ, ಮತ್ತೆ ಕೇಳುವುದೇನಿದೆ ಎಂದು ಅತ್ತೆ ಹೇಳುತ್ತಿದ್ದರು. ಹೌದು ಅಂದಳು ತಾನೆ ಎಂದು ಡಾಕ್ಟರು ಕೇಳಿದರು. ಚಿತ್ರ ಮತ್ತೆ ಅಲುಗಿದಾಗ ಹುಡುಗಿಯ ಕೈ ಮಡಿಲಲ್ಲಿತ್ತು, ಹೇಳುವುದನ್ನು ಹೇಳಿ ಮುಗಿಸಿಯಾಗಿತ್ತು. ಲತಿಕಾ ಮತ್ತೊಮ್ಮೆ ಕೇಳಿದರು, ಮತ್ತೆ ಅದೇ ಚೌಕಗಳು.

"ನಾನು ನೋಡಲಿಲ್ಲ ಡಾಕ್ಟರ್," ಎಂದರು ಲತಿಕಾ. "ಹೌದು ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಹತ್ತು ನಿಮಿಷ ಕೊಡಿ. ಅಲ್ಲೀವರೆಗೆ ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಬೇಡಿ."

ಲ್ಯಾಪ್‌ಟಾಪನ್ನು ಅಕ್ಕಿ ಚೀಲದಲ್ಲಿ ಸುತ್ತಿಕೊಂಡು ದೋಣಿಗೆ ಇಳಿದರು. ಮಳೆ ಹನಿಯುತ್ತಿತ್ತು. ಮೂವತ್ತು ಅಡಿ ದಾಟಲು ನಾಲ್ಕು ಹುಟ್ಟು ಸಾಕು. ಆ ನಾಲ್ಕು ಹುಟ್ಟು ಹಾಕುವಾಗ ಏನು ಹೇಳಲಿ, ಮುಖ ಹೇಗೆ ತೋರಿಸಲಿ ಎಂಬ ಯೋಚನೆಯೇ ತುಂಬಿತ್ತು ಎನ್ನುತ್ತಾರೆ. ಮೋಳಿಕುಟ್ಟಿ ಜಗಲಿಯಲ್ಲಿ ಕೂತು ಬಾತುಕೋಳಿಯ ಪುಕ್ಕ ತರಿಯುತ್ತಿದ್ದರು.

"ಚೇಚಿ, ನೆಟ್ ಬೇಕು. ಆಸ್ಪತ್ರೇಲಿ ಒಬ್ಬಳು ಕಾಯ್ತಿದ್ದಾಳೆ."

ಮೋಳಿಕುಟ್ಟಿ ಕೈಯನ್ನು ತೊಟ್ಟಿದ್ದ ಚಟ್ಟೆ ರವಿಕೆಯ ಅಂಚಿಗೆ ಒರೆಸಿಕೊಂಡು ಎದ್ದರು, ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿದರು. ಅದು ಅವರ ಸತ್ತುಹೋದ ನಾಯಿಯ ಹೆಸರು. ಕೋಣೆಯ ಗೋಡೆಯ ತುಂಬ ಹೂಬಳ್ಳಿಯ ಬಣ್ಣ ಬಳಿದಿತ್ತು. ಅಲ್ಲಿ ಕೂತರೆ ಕೈ ಕಾಣುವುದಿಲ್ಲ ಎಂದು ಲತಿಕಾ ತಡವರಿಸಿದಾಗ, ಮೋಳಿಕುಟ್ಟಿ ಒಳಗಿನಿಂದ ಕಪ್ಪು ಕಂಬಳಿ ತಂದು ಎರಡೂ ಕೈಯಲ್ಲಿ ಎತ್ತಿ ಹಿಡಿದು ಲತಿಕಾರ ಬೆನ್ನ ಹಿಂದೆ ನಿಂತರು.

ಪರದೆ ತಿಳಿಯಾಗಿತ್ತು. ಹುಡುಗಿಯ ಉಗುರಿನ ಮುರುಕು ಕೂಡ ಕಂಡಿತು. ಲತಿಕಾ ಪ್ರಶ್ನೆಯನ್ನು ಮೊದಲಿನಿಂದ ಕೇಳಿದರು. ಹುಡುಗಿ ಅತ್ತೆಯ ಕಡೆ ಒಮ್ಮೆ ನೋಡಿ, ಡಾಕ್ಟರ ಕಡೆ ತಿರುಗಿ ಕೈ ಎತ್ತಿದಳು. ಅವಳ ಕೈ ಹೇಳಿದ್ದನ್ನು ಲತಿಕಾ ತಮ್ಮ ದನಿಯಲ್ಲಿ ಹೇಳಿದರು: "ಬೇಡ. ಮನೇಲಿ ಅವರವರೇ ಮಾತಾಡಿಕೊಂಡ್ರು, ನನ್ನನ್ನ ಯಾರೂ ಕೇಳಲಿಲ್ಲ. ಈಗ ನೀವು ಕೇಳಿದ್ರಿ. ಬೇಡ."

ಹಿಂದೆ ಕಂಬಳಿ ಅಲುಗಿತು. ಮೋಳಿಕುಟ್ಟಿ ಅಳುತ್ತಿದ್ದರು. ಕಣ್ಣೊರೆಸಿಕೊಳ್ಳಲು ಅವರ ಕೈ ಖಾಲಿಯಿರಲಿಲ್ಲ. ಹನ್ನೆರಡೂ ಹತ್ತಕ್ಕೆ ಹೆಣ್ಣು ಮಗು ಹುಟ್ಟಿತು. ಆಪರೇಷನ್ ಕೋಣೆಯಿಂದ ನರ್ಸ್ ಪರದೆಯಲ್ಲೇ ತೋರಿಸಿದಳು.

ಆ ಸಂಜೆ ಲತಿಕಾ ಜೋತುಬಿದ್ದ ತಂತಿಯ ವಿಷಯವನ್ನೂ ಹೇಳಿಬಿಟ್ಟರು. ಮೋಳಿಕುಟ್ಟಿ, "ನೀನು ತಂತಿ ನೋಡ್ತಾ ನಿಂತಿರೋದನ್ನ ನಾನೂ ನೋಡಿದ್ದೆ ಬಿಡು. ದೋಣಿ ಬಂದಾಗಲೂ ನೀನು ಕಡವಲ್ಲೇ ನಿಂತಿದ್ದೆ," ಎಂದರಂತೆ.

ಈಗ ಒಂಬತ್ತರಿಂದ ಎರಡರವರೆಗೆ ಲತಿಕಾರ ಕೆಲಸ ಮೋಳಿಕುಟ್ಟಿಯವರ ಉಗ್ರಾಣದ ಕೋಣೆಯಲ್ಲಿ. ಕೊನೆಯ ಸಲ ಕರೆ ಕಡಿದು ಮೂರು ತಿಂಗಳಾಯಿತು, ಕೊಚ್ಚಿಗೆ ಹೋಗಿದ್ದ ಸಂಜೆಯ ಪಾಳಿಯಲ್ಲಿ ಅರ್ಧ ವಾಪಸು ಬಂದಿದೆ. ಹೊಟ್ಟೆಯುರಿ ಮಾತ್ರ ಹೋಗಿಲ್ಲ. ಅದು ಎರಡೂ ದಂಡೆಗೆ ಹಬ್ಬಿದೆ. "ಇವಳಿಗಾಗಿ ಏಳು ಆಸ್ಪತ್ರೆ ಕಾಯುತ್ತೆ. ನನಗಾಗಿ ಬಾತುಕೋಳಿ ಬಿಟ್ರೆ ಯಾರೂ ಕಾಯಲ್ಲ," ಎಂದು ಮೋಳಿಕುಟ್ಟಿ ಬಂದವರೆದುರೆಲ್ಲ ದೂರುತ್ತಾರೆ. ಮಧ್ಯಾಹ್ನ ದೋಣಿಯಲ್ಲಿ ಈಚೆಗೆ ಬಂದು ಕಾರ್ತ್ಯಾಯನಿಯ ಹತ್ತಿರ ಸನ್ನೆ ಕಲಿಯುತ್ತಾರೆ. ಎರಡು ತಿಂಗಳಲ್ಲಿ ಇನ್ನೂರು ಮಾತು ಬಂದಿದೆ. ಅಮ್ಮ ಈ ಹೊಸ ಶಿಷ್ಯೆಯ ಬೆರಳುಗಳನ್ನು ಹೊಗಳಿದರೆ ಲತಿಕಾ ಪಾತ್ರೆ ಸದ್ದು ಮಾಡುತ್ತಾರೆ, ಆ ಸದ್ದು ಅಮ್ಮನಿಗೆ ಕೇಳಿಸದೆಂದು ಗೊತ್ತಿದ್ದರೂ.

ಹೋದ ವಾರ ಪಡುವಣ ದಂಡೆಗೆ ಹನ್ನೊಂದು ಹೊಸ ಕಂಬ ಬಂದಿವೆ. ತಂತಿ ಇನ್ನೂ ಬಂದಿಲ್ಲ. ಹೊಸ ಲೈನು ಮುನ್ನೂರರದ್ದು, ಆಚೆಯದಕ್ಕಿಂತ ಜಾಸ್ತಿ ಎಂದು ತಂಪಿ ಆಣೆ ಮಾಡಿದ್ದಾನೆ. ಬಂದ ಮೇಲೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ ಲತಿಕಾ ಕಂಬಗಳ ಸಾಲನ್ನು ನೋಡುತ್ತ ನಿಲ್ಲುತ್ತಾರೆ.

"ಒಂದು ದಿನ ಮೋಳಿ ಚೇಚಿ ನೆಟ್ ನಿಂತುಹೋಗಬೇಕು," ಎನ್ನುತ್ತಾರೆ. "ಹೆಚ್ಚೇನೂ ಬೇಡ, ಒಂದು ಗಂಟೆ ಸಾಕು. ದೋಣಿ ಹತ್ತಿ ಬಂದು ನನ್ನನ್ನ ಕೇಳಬೇಕು. ಕೊಡ್ತೀನಿ, ಕೊಡದೇ ಇರ್ತೀನಾ? ಆದ್ರೆ ಒಂದ್ಸಲ ಕೇಳಬೇಕು."